ತಂತಿಯ ತಪ್ಪಲ್ಲ

"ಬೆಂಕಿ ಆರಿಸೋ ಗಾಡಿ ಇದೆಯಂತೆ, ಡೀಸೆಲ್ ಇಲ್ಲವಂತೆ," ಎಂದು ತನ್ನೂಸ್ ಫೋನನ್ನು ಜೇಬಿಗೆ ತುರುಕಿದ. "ನಾಳೆ ನೋಡೋಣ ಅಂದ್ರು. ಬೆಂಕಿಗೂ ನಾಳೆ ಬಾ ಅಂತ ಹೇಳಿ ಕಳಿಸ್ಲಾ?"

ಕಣಿವೆಯಿಂದೆದ್ದ ಗಾಳಿ ಹೊಗೆಯನ್ನು ಊರಿನ ಕಡೆಗೇ ತಳ್ಳುತ್ತಿತ್ತು. ಲೆಬನಾನಿನ ಆ ಬೆಟ್ಟದೂರಿನವರಿಗೆ ಇಂಥ ಉತ್ತರ ಹೊಸದಲ್ಲ. ಕರೆಂಟಿಲ್ಲವೆಂದು ಜನರೇಟರ್ ಹಾಕಿಸಿಕೊಂಡವರು, ನಲ್ಲಿ ಬತ್ತಿತೆಂದು ಟ್ಯಾಂಕರ್ ತರಿಸಿಕೊಂಡವರು. ತನ್ನೂಸ್ ತನ್ನ ನೀರಿನ ಟ್ಯಾಂಕರನ್ನು ಆಗಲೇ ಇಳಿಜಾರಿನ ಅಂಚಿಗೆ ತಂದು ನಿಲ್ಲಿಸಿದ್ದ. ಹೆಂಗಸರು ಹಳೆಯ ಕಂಬಳಿಗಳನ್ನು ನೆನೆಸಿ ಕೈಯಿಂದ ಕೈಗೆ ದಾಟಿಸುತ್ತಿದ್ದರು.

ಎಲ್ಲರಿಗಿಂತ ಮುಂದಿದ್ದವನು ಮುದುಕ ಅಸ್ಸಾಫ್. ಒದ್ದೆ ಕಂಬಳಿಯಿಂದ ಉರಿಯನ್ನು ಬಡಿಯುತ್ತ, ಹುಬ್ಬು ಸುಟ್ಟರೂ ಹಿಂದೆ ಸರಿಯದೆ ನಿಂತಿದ್ದ. "ಚಿಕ್ಕಪ್ಪ, ಸಾಕು ಬಾ, ನಾವಿದ್ದೀವಿ," ಎಂದು ತನ್ನೂಸ್ ಕೂಗಿದ. ಅವನು ತಿರುಗಿಯೂ ನೋಡಲಿಲ್ಲ.

ಸಂಜೆಗೆ ಬೆಂಕಿ ಆರಿತು. ಮನೆಗಳು ಉಳಿದವು. ಆದರೆ ನುಹಾದಳ ಆಲಿವ್ ತೋಟ ಉಳಿಯಲಿಲ್ಲ. ಕೊಯ್ಲಿಗೆ ವಾರವಷ್ಟೇ ಇತ್ತು. ಗಂಡ ಸತ್ತ ಮೇಲೆ ಆ ಎಣ್ಣೆಯಿಂದಲೇ ಅವಳ ಮನೆ ನಡೆಯುತ್ತಿತ್ತು. ಚರ್ಚಿನ ಕಟ್ಟೆಯ ಮೇಲೆ ಮಸಿ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು.

ಅಷ್ಟರಲ್ಲಿ ಟಿವಿಯವರು ಬಂದರು. ಮೈಕು ಹಿಡಿದ ಹುಡುಗಿ ಬೆಂಕಿ ಹೇಗೆ ಹತ್ತಿತೆಂದು ಕೇಳಿದ್ದೇ ತಡ, ತನ್ನೂಸ್ ಮುಂದೆ ಬಂದ.

"ಇನ್ನೇನು, ಕರೆಂಟ್ ತಂತಿ. ಜೋತುಬಿದ್ದಿದೆ ಅಂತ ಎಷ್ಟು ಸಲ ಹೇಳಿದ್ರೂ ಒಬ್ಬನೂ ಈ ಕಡೆ ತಲೆ ಹಾಕಲಿಲ್ಲ. ಈಗ ಈ ಹೆಂಗಸಿಗೆ ಪರಿಹಾರ ಕೊಡಲಿ."

ಸುತ್ತಲಿದ್ದವರೆಲ್ಲ ಹೌದು ಹೌದೆಂದರು. ಹುಡುಗಿ ಮೈಕನ್ನು ಅಸ್ಸಾಫನತ್ತ ಚಾಚಿದಳು. "ನೀವೂ ನೋಡಿದ್ರಾ ತಾತ?"

ಅಸ್ಸಾಫ್ ಟೋಪಿ ತೆಗೆದ.

"ತಂತಿ ಜೋತುಬಿದ್ದಿರೋದು ನಿಜ. ಅವರು ಬರದೇ ಇದ್ದದ್ದೂ ನಿಜ. ಆದ್ರೆ ಬೆಂಕಿ ನಂದು. ನನ್ನ ತೋಟದಲ್ಲಿ ಮರದ ಬುಡದ ಒಣಹುಲ್ಲು ಕಿತ್ತು ಅಂಚಿಗೆ ಹಾಕಿ ಸುಟ್ಟೆ. ನೀರು ಹಾಕ್ದೆ, ಆರಿತು ಅಂದ್ಕೊಂಡೆ. ಕಾಫಿ ಕುಡಿಯೋಕೆ ಮನೆಗೆ ಹೋದೆ. ಕೂತು ಕಾಯಬೇಕಾಗಿತ್ತು, ಕಾಯಲಿಲ್ಲ."

ತನ್ನೂಸ್ ಅವನ ತೋಳು ಹಿಡಿದು ಪಕ್ಕಕ್ಕೆಳೆದ. "ನಿನಗೇನು ತಲೆ ಕೆಟ್ಟಿದೆಯಾ? ಇಷ್ಟು ವರ್ಷ ನಮ್ಮನ್ನ ಲೂಟಿ ಮಾಡಿದೋರು ಅವರು. ಒಂದು ಸಲ ಅವರ ತಲೆಗೆ ಕಟ್ಟಿದ್ರೆ ಏನು ಹೋಗ್ತಿತ್ತು? ಪಾಪ, ಆಕೆಗೆ ನಾಲ್ಕು ಕಾಸಾದ್ರೂ ಸಿಗ್ತಿತ್ತು."

"ಅವರು ಮಾಡಿದ್ದಕ್ಕೆ ಅವರನ್ನ ಬಯ್ಯೋಣ, ನಾನೂ ಬರ್ತೀನಿ," ಎಂದ ಅಸ್ಸಾಫ್. "ಇದನ್ನ ಮಾಡಿದೋನು ನಾನು."

ನುಹಾದ್ ಎದ್ದಳು. ಅವನ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವರ್ಷ ಅಸ್ಸಾಫ್ ತನ್ನ ತೋಟದ ಎಣ್ಣೆಯನ್ನು ಡಬ್ಬಗಳಲ್ಲಿ ತುಂಬಿ ಅವಳ ಜಗಲಿಯ ಮೇಲಿಟ್ಟು ಬಂದ. ತಾನು ಅಂಗಡಿಯ ಅಗ್ಗದ ಎಣ್ಣೆ ಕೊಂಡ. ನುಹಾದ್ ಡಬ್ಬಗಳನ್ನು ಒಳಗೆ ತೆಗೆದುಕೊಂಡಳು, ಮಾತು ಮಾತ್ರ ಆಡಲಿಲ್ಲ. ಕರೆಂಟಿನವರು ಬರಲಿಲ್ಲ. ತಂತಿಯನ್ನು ಕೊನೆಗೆ ತನ್ನೂಸನೇ ನಾಲ್ಕು ಜನರನ್ನು ಸೇರಿಸಿಕೊಂಡು ಎಳೆದು ಕಟ್ಟಿದ. "ಎಲ್ಲಾನೂ ತನ್ನ ತಲೆ ಮೇಲೆ ಹೊತ್ಕೊಳ್ಳೋ ಚಿಕ್ಕಪ್ಪನ ರೋಗ ನಮಗೂ ಅಂಟಿತು ನೋಡಿ," ಎಂದು ಕಂಬದ ಮೇಲಿನಿಂದ ಗೊಣಗಿದ.

ಚಳಿಗಾಲದ ಮಳೆ ಮುಗಿದು ನೆಲ ಮೆತ್ತಗಾದಾಗ ಅಸ್ಸಾಫ್ ಆಲಿವ್ ಸಸಿಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಅವಳ ತೋಟಕ್ಕಿಳಿದ. ಈ ಸಸಿಗಳು ಕಾಯಿ ಬಿಡುವ ಹೊತ್ತಿಗೆ ತಾನಿರುವುದು ಅನುಮಾನವೆಂದು ಅವನಿಗೆ ಗೊತ್ತಿತ್ತು. ಕುಸಿದ ಕಲ್ಲುಗೋಡೆಗಳನ್ನು ಮೊದಲು ಎತ್ತಿ ಕಟ್ಟಿ, ಆಮೇಲೆ ಗುಂಡಿ ತೋಡತೊಡಗಿದ. ಒಂದು ಕೈಯಲ್ಲಿ ಸಸಿ ನಿಲ್ಲಿಸಿ ಇನ್ನೊಂದರಲ್ಲಿ ಮಣ್ಣೆಳೆಯಲು ಹೋದರೆ ಸಸಿ ಓರೆಯಾಗುತ್ತಿತ್ತು. ಮತ್ತೆ ಕಿತ್ತು ನಿಲ್ಲಿಸಿದ, ಮತ್ತೆ ಓರೆಯಾಯಿತು.

ಮೇಲಿನ ದಾರಿಯಲ್ಲಿ ಹೋಗುತ್ತಿದ್ದ ನುಹಾದ್ ನಿಂತು ನೋಡಿದಳು. ಬಳಿಕ ಲಂಗ ಎತ್ತಿ ಸಿಕ್ಕಿಸಿಕೊಂಡು ಕೆಳಗಿಳಿದು ಬಂದಳು. ಗುಂಡಿಯ ಪಕ್ಕ ಮಂಡಿಯೂರಿ ಸಸಿಯನ್ನು ಎರಡೂ ಕೈಗಳಿಂದ ನೆಟ್ಟಗೆ ಹಿಡಿದಳು.

"ಹಾಕು, ಅಣ್ಣ," ಎಂದಳು.

ಅಸ್ಸಾಫ್ ಮಣ್ಣೆಳೆದ.