ಲೋಹದಂಚಿನ ದಿಬ್ಬ

ನಾನು ಕೂದಲೆಳೆಗಿಂತ ಸಾವಿರ ಪಾಲು ತೆಳುವಾದ ಒಂದು ಇಂಗಾಲದ ಚೂರು. ಹುಟ್ಟಿದ್ದು ಬೆಳಗಾವಿ ಕಡೆಯ ಒಂದು ಕಾರ್ಖಾನೆಯಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಕೋಣೆಯೊಳಗೆ. ಹೃದಯಕ್ಕೆ ಹಾಕುವ ಕೃತಕ ಕವಾಟದ ಬಿಲ್ಲೆಗಳ ಮೇಲೆ ಅಲ್ಲಿ ನಮ್ಮಂಥ ಕರಿ ಲೇಪ ಕೂರಿಸುತ್ತಿದ್ದರು. ಕೂರಿಸುತ್ತಿದ್ದವರು ಚನಬಸಯ್ಯ, ಆ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತವರು. ಇಂಗಾಲದ ಕಣಗಳು ವಜ್ರದಲ್ಲಿರುವಂತೆ ಒಂದನ್ನೊಂದು ಬಿಗಿಯಾಗಿ ಹಿಡಿದರೆ ಲೇಪ ಗಟ್ಟಿ. ಬಿಲ್ಲೆ ಕಾದಿದ್ದು, ಅವು ಪೆನ್ಸಿಲ್ ಕಡ್ಡಿಯಲ್ಲಿರುವಂತೆ ಪದರ ಪದರವಾಗಿ ಕೂತರೆ ಲೇಪ ಸುಲಿದು ಬರುತ್ತದೆ.

ಪರೀಕ್ಷೆಯ ಯಂತ್ರ ತಿಂಗಳುಗಟ್ಟಲೆ ಬಡಿದ ಮೇಲೆ ನಮ್ಮ ಬಿಲ್ಲೆಯ ಲೇಪ ಒಂದು ಕಡೆ ಎದ್ದಿತು. ನಮ್ಮ ಬಿಲ್ಲೆಯ ಜೊತೆ ಒಂದೇ ದಿನ ತಯಾರಾಗಿದ್ದ ನೂರಾ ಅರವತ್ತು ಬಿಲ್ಲೆಗಳನ್ನು ಆಸ್ಪತ್ರೆಗಳಿಗೆ ಕಳಿಸಲು ಆಗಲೇ ಗಾಡಿಗೆ ಏರಿಸಿದ್ದರು. ಎದ್ದ ಜಾಗದ ಪಕ್ಕದಲ್ಲೇ ನನ್ನನ್ನು ಲೋಹದ ಸಮೇತ ಕೊರೆದು ತೆಗೆದು ಧಾರವಾಡದ ಪ್ರಯೋಗಾಲಯಕ್ಕೆ ತಂದರು. ಜೊತೆಗೆ ಚನಬಸಯ್ಯನವರೂ ಮ್ಯಾನೇಜರ್ ಕುಲಗೋಡ ಸಾಹೇಬರೂ ಬಂದರು.

ಅಲ್ಲಿನ ವಿಜ್ಞಾನಿ ಮೆಹರುನ್ನೀಸಾ ನನ್ನನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಳಿಸಿದರು. ಎಲೆಕ್ಟ್ರಾನುಗಳು ನನ್ನನ್ನು ತೂರಿಹೋಗುವಾಗ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಆ ನಷ್ಟವನ್ನು ಅಳೆದರೆ ಅಲ್ಲಿನ ಕಣಗಳ ಬಂಧ ಎಂಥದೆಂದು ತಿಳಿಯುತ್ತದೆ. ಪೆನ್ಸಿಲ್ ಬಗೆಯ ಬಂಧವಾದರೆ ಪರದೆಯ ಗೆರೆಯಲ್ಲಿ ಒಂದು ದಿಬ್ಬ ಎದ್ದು ಕಾಣುತ್ತದೆ. ಅಪಾಯವೂ ಅಲ್ಲೇ ಇತ್ತು. ಕಿರಣ ಹೆಚ್ಚು ಹೊತ್ತು ಬಿದ್ದರೆ ಒಳ್ಳೆಯ ಬಂಧವೂ ಕಳಚಿ ಅದೇ ದಿಬ್ಬ ಏಳುತ್ತದೆ. ನನ್ನಂಥ ಚೂರು ಇನ್ನೊಂದು ಇರಲಿಲ್ಲ.

"ಲಗೂನ ಮುಗಸ್ರಿ ಮೇಡಂ, ಗಾಡಿ ನಿಂತೈತಿ," ಎಂದರು ಕುಲಗೋಡ.

ಮೆಹರುನ್ನೀಸಾ ಮೊದಲು ನನ್ನ ಮೇಲ್ಭಾಗಕ್ಕೆ ಎರಡೇ ಸೆಕೆಂಡು ಕಿರಣ ಬಿಟ್ಟರು. ದಿಬ್ಬವಿರಲಿಲ್ಲ. ಕುಲಗೋಡರು ನಿರಾಳವಾಗಿ ಉಸಿರು ಬಿಟ್ಟರು. ಆಮೇಲೆ ಕಿರಣ ಕೆಳಗೆ, ಲೇಪ ಲೋಹಕ್ಕೆ ಅಂಟಿದ ಲೋಹದಂಚಿಗೆ ಸರಿಯಿತು. ಮತ್ತೆ ಎರಡು ಸೆಕೆಂಡು. ದಿಬ್ಬ ಎದ್ದಿತು.

"ಅದು ನಿಮ್ಮ ಕಿರಣದಿಂದ ಆಗಿರಬೇಕ್ರಿ," ಎಂದರು ಕುಲಗೋಡ.

"ಮ್ಯಾಲೂ ಅಷ್ಟ ಹೊತ್ತು ಬಿಟ್ಟೇನ್ರಿ. ಅಲ್ಲಿ ಯಾಕ ಬರಲಿಲ್ಲ?" ಎಂದರು ಮೆಹರುನ್ನೀಸಾ. "ಅಂಚಿನಾಗ ಕಿರಣ ಮುಟ್ಟದ ಜಾಗ ಇನ್ನೊಂದು ಉಳದದ. ಒಂದ ಸಲ ನೋಡಲಿಕ್ಕೆ ಬರ್ತದ."

ಈ ಸಲ ಒಂದೇ ಸೆಕೆಂಡು. ನನ್ನ ಅಂಚು ಸುಟ್ಟಂತಾಯಿತು. ಕಿರಣ ಅರ್ಧಕ್ಕಿಳಿದರೂ ದಿಬ್ಬ ಅಷ್ಟೇ ಎತ್ತರಕ್ಕಿತ್ತು.

ಬಾಗಿಲ ಹತ್ತಿರ ನಿಂತಿದ್ದ ಚನಬಸಯ್ಯ ಮುಂದೆ ಬಂದರು.

"ಮೇಡಂ, ಈ ಲೇಪ ಕೂಡಿಸಿದ ದಿನ ಕರೆಂಟ್ ಹೋಗಿತ್ರಿ. ತಂಪ ನೀರಿನ ಪಂಪ್ ನಿಂತು ಬಿಲ್ಲಿ ಕಾದಿದ್ವು. ಅವು ಆರಿ ತಂಪಾಗೂತನಕ ತಡದು ಚಾಲೂ ಮಾಡಬೇಕಿತ್ತು. ನಾ ತಡೀಲಿಲ್ರಿ."

"ತಡೀಬ್ಯಾಡ ಅಂತ ಯಾರರೆ ಹೇಳಿದ್ರೇನು?" ಎಂದು ಕೇಳಿದರು ಮೆಹರುನ್ನೀಸಾ.

ಚನಬಸಯ್ಯ ಕುಲಗೋಡರ ಕಡೆ ನೋಡಿದರು. ಕುಲಗೋಡರು ಪರದೆಯನ್ನೇ ನೋಡುತ್ತಿದ್ದರು.

"ಯಾರರೆ ಹೇಳಿರ್ಲಿ, ಗುಂಡಿ ಒತ್ತಿದ್ದು ನನ್ನ ಕೈರಿ. ಬರಕೋರಿ."

ಮೆಹರುನ್ನೀಸಾ ಬರೆದುಕೊಂಡರು. ಕುಲಗೋಡರು ಫೋನ್ ತೆಗೆದು, "ಗಾಡಿಯಿಂದ ಪೆಟಿಗಿ ಇಳಸ್ರಿ," ಎಂದಷ್ಟೇ ಹೇಳಿದರು.

ನೂರಾ ಅರವತ್ತು ಬಿಲ್ಲೆಗಳನ್ನೂ ಒಡೆದು ಹಾಕಿದರಂತೆ. ಚನಬಸಯ್ಯನವರನ್ನು ಯಂತ್ರದಿಂದ ತೆಗೆದು ಉಗ್ರಾಣಕ್ಕೆ ಹಾಕಿದರಂತೆ. ನಾನೀಗ ಮೆಹರುನ್ನೀಸಾ ಅವರ ಕಪಾಟಿನ ಪುಟ್ಟ ಡಬ್ಬಿಯಲ್ಲಿದ್ದೇನೆ. ಅಂಚು ಸವೆದಿದೆ, ಇನ್ನೊಂದು ಪರೀಕ್ಷೆಗೆ ಒದಗಲಾರೆ. ಎಷ್ಟೋ ಸಲ ಅನಿಸುತ್ತದೆ: ನನ್ನೊಳಗಿನ ದೋಷವನ್ನು ಬಚ್ಚಿಡುವುದು ನನ್ನ ಕೈಯಲ್ಲಿರಲಿಲ್ಲ. ತಮ್ಮ ತಪ್ಪನ್ನು ಬಚ್ಚಿಡುವುದು ಚನಬಸಯ್ಯನವರ ಕೈಯಲ್ಲಿತ್ತು.