ನಾರಿನ ರಾಶಿಯ ಹರಳು

ಆ ಶನಿವಾರ ಬೆಳಿಗ್ಗೆ ಅರಸೀಕೆರೆಯ ಕಾಲೇಜಿನ ಲ್ಯಾಬಿನಲ್ಲಿ ಉಪನ್ಯಾಸಕಿ ಮಾಲಿನಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮತ್ತೆ ನೋಡಿದಳು. ಹನಿಯೊಳಗೆ ಹರಳುಗಳು ಅಲ್ಲೇ ಇದ್ದವು, ಚೂಪು ಅಂಚಿನವು, ಯಾರೋ ಕೂತು ಕೊರೆದಷ್ಟು ನೇರ. ಮತ್ತೆ ನಗು ಬಂತು.

ಗಂಡಸಿಯ ಹತ್ತಿರದ ಒಂದು ಕಾರ್ಖಾನೆಯ ಹಿಂದೆ ತೆಂಗಿನ ನಾರಿನ ಪುಡಿ ರಾಶಿ ಬಿದ್ದಿರುತ್ತದೆ. ಅದು ಕೊಳೆಯುತ್ತ ಕೊಳೆಯುತ್ತ ಒಳಗೆ ಕೈ ಇಡಲಾಗದಷ್ಟು ಕಾಯುತ್ತದೆ. ಆ ಬಿಸಿಯಲ್ಲೇ ಸುಖವಾಗಿರುವ ಬ್ಯಾಕ್ಟೀರಿಯಾವನ್ನು ಮಾಲಿನಿ ತಂದು ಬೆಳೆಸಿದ್ದಳು. ಅವಳಿಗೆ ಬೇಕಾದದ್ದು ಅದರೊಳಗಿನ ಒಂದು ಕಿಣ್ವ, ಅಂದರೆ ಜೀವಕೋಶದ ಕೆಲಸ ಮಾಡಿಕೊಡುವ ಒಂದು ಪ್ರೋಟೀನು. ಬ್ಯಾಕ್ಟೀರಿಯಾವನ್ನು ಒಡೆದು ತೆಗೆದ ರಸವನ್ನು ಕಾಯಿಸಿದರೆ ಬೇರೆ ಪ್ರೋಟೀನುಗಳು ಒಡೆದ ಹಾಲಿನಂತೆ ಗಟ್ಟಿಯಾಗಿ ತಳ ಸೇರುತ್ತವೆ, ಇದು ಮಾತ್ರ ಏನೂ ಆಗದವರ ಹಾಗೆ ತಿಳಿಯಲ್ಲೇ ಉಳಿಯುತ್ತದೆ. ಇಷ್ಟು ಗಟ್ಟಿ ಜೀವ ಅದಕ್ಕೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಅದನ್ನು ಹರಳಾಗಿಸಿ ಎಕ್ಸ್-ರೇ ಹಾಯಿಸಬೇಕು; ಆಗ ಪರದೆಯ ಮೇಲೆ ಮೂಡುವ ಚುಕ್ಕೆಗಳ ಸಾಲಿನಿಂದ ಅದರ ಒಳರಚನೆಯನ್ನು ಲೆಕ್ಕಹಾಕಬಹುದು. ಎರಡು ವರ್ಷದಿಂದ ಅದು ಹರಳಾಗಲು ಒಪ್ಪಿರಲಿಲ್ಲ.

ಹೋದ ವರ್ಷ ಹೀಗೇ ಏನೋ ಕಂಡು ಸ್ಟಾಫ್ ರೂಮಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ್ದಳು. ಅದು ದ್ರಾವಣದ ಉಪ್ಪು ಎಂದು ಮಾರನೆಯ ದಿನ ಗೊತ್ತಾಯಿತು. ಈ ಸಲ ಯಾರಿಗೂ ಹೇಳುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ನಗು ಅವಳ ಮಾತು ಕೇಳಲಿಲ್ಲ. ಪಕ್ಕದ ಕೋಣೆಯಿಂದ ಪ್ರಿನ್ಸಿಪಾಲ್ ಕಮಲಾಕ್ಷಮ್ಮ ಎದ್ದು ಬಂದರು. ಅವರು ನಕ್ಕದ್ದನ್ನು ಆ ಕಾಲೇಜಿನಲ್ಲಿ ಕಂಡವರಿರಲಿಲ್ಲ.

“ಏನ್ರೀ ಮಾಲಿನಿ, ಒಬ್ರೇ ನಗ್ತಿದ್ದೀರಿ?”

ಮಾಲಿನಿ ಬಾಯಿಬಿಡಲೇಬೇಕಾಯಿತು. ಕಮಲಾಕ್ಷಮ್ಮ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಇಣುಕಿದರು. ಇದೂ ಉಪ್ಪಲ್ಲವೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ಒಂದನ್ನು ಸೂಜಿಯಿಂದ ಒತ್ತಿದರೆ, ಉಪ್ಪಾದರೆ ಟಕ್ಕೆಂದು ಒಡೆಯುತ್ತದೆ, ಪ್ರೋಟೀನಾದರೆ ಮೆತ್ತಗೆ ಕುಸಿಯುತ್ತದೆ ಎಂದಳು ಮಾಲಿನಿ. ಹೇಳಿದ್ದೇನೋ ಸರಿ, ಸೂಜಿಯನ್ನು ಹನಿಯ ಹತ್ತಿರ ಒಯ್ದು ಮತ್ತೆ ಹಿಂದಕ್ಕೆ ತೆಗೆದಳು. ಇಷ್ಟು ಕಾದು ಪಡೆದದ್ದನ್ನು ತಾನೇ ಹಾಳುಮಾಡುವುದೇ?

“ಒತ್ತಿ,” ಎಂದರು ಕಮಲಾಕ್ಷಮ್ಮ. “ಇಲ್ದಿದ್ರೆ ನಾನೇ ಒತ್ತಿಬಿಡ್ತೀನಿ.”

ಮಾಲಿನಿ ಉಸಿರು ಬಿಗಿಹಿಡಿದು ಎಲ್ಲಕ್ಕಿಂತ ಚಿಕ್ಕ ಹರಳಿನ ಮೇಲೆ ಸೂಜಿ ಊರಿದಳು. ಟಕ್ಕೆನ್ನಲಿಲ್ಲ. ಚೆನ್ನಾಗಿ ಬೆಂದ ಆಲೂಗಡ್ಡೆಯಂತೆ ಕುಸಿದು ಹರಡಿಕೊಂಡಿತು. ಅಷ್ಟಕ್ಕೂ ನಂಬಿಕೆ ಸಾಲದೆ ಇನ್ನೊಂದು ಹನಿಗೆ ನೀಲಿ ಬಣ್ಣ ಬಿಟ್ಟಳು. ಉಪ್ಪು ಬಣ್ಣ ಹೀರುವುದಿಲ್ಲ. ಇವು ಹೀರಿದವು, ಬಾಯಾರಿದವರಂತೆ ಹೀರಿ ಕಡುನೀಲಿಯಾದವು.

ಕಮಲಾಕ್ಷಮ್ಮ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಬಿಕ್ಕಳಿಕೆ ಬರುವಷ್ಟು. ಮಾಲಿನಿಯ ಎರಡೂ ಕೈ ಹಿಡಿದು ಮೇಜಿನ ಸುತ್ತ ಗಿರಗಿರನೆ ಒಂದು ಸುತ್ತು ಹಾಕಿದರು. ಸದ್ದು ಕೇಳಿ ಬಂದ ಹುಡುಗಿಯರು ಬಾಗಿಲಲ್ಲೇ ಬೆಪ್ಪಾಗಿ ನಿಂತರು. ಪ್ರಿನ್ಸಿಪಾಲರು ಅವರನ್ನು ಗದರಿಸಿ ಕಳಿಸುವ ಬದಲು ಹರಳು ನೋಡಲು ಸಾಲು ನಿಲ್ಲಿಸಿದರು. ಬೆಲ್ ಹೊಡೆದದ್ದು ಯಾರ ಕಿವಿಗೂ ಬೀಳಲಿಲ್ಲ.

ಮಾಲಿನಿ ಜಾವಗಲ್ಲಿನಲ್ಲಿದ್ದ ಅಪ್ಪ ಜವರಪ್ಪನಿಗೆ ಫೋನ್ ಮಾಡಿ ಹರಳು ಬಂತು ಎಂದಳು. ಅವರು ಅದನ್ನು ಹೋಟೆಲಿನಲ್ಲಿ ಹೇಳಿದರು. ಸಂಜೆ ಅವಳು ಬಸ್ಸಿಳಿಯುವ ಹೊತ್ತಿಗೆ ಸುದ್ದಿ ವಜ್ರದವರೆಗೂ ಬೆಳೆದಿತ್ತು. ಪಕ್ಕದ ಮನೆಯ ಗಿಡ್ಡಮ್ಮ ಜಗಲಿಯ ಮೇಲೆ ಕಾದು ಕೂತಿದ್ದಳು.

“ಒಂದು ಮೂಗುಬೊಟ್ಟಿಗಾದ್ರೂ ಆಯ್ತದೇನವ್ವಾ?”

ಮರಳಿನ ಕಾಳಿಗಿಂತ ಸಣ್ಣದು, ಮುಟ್ಟಿದರೆ ಕುಸಿಯುತ್ತದೆ, ಬಿಸಿಲಿಗಿಟ್ಟರೆ ಒಣಗಿ ಹೋಗುತ್ತದೆ ಎಂದು ಮಾಲಿನಿ ವಿವರಿಸಿದಳು. ಗಿಡ್ಡಮ್ಮ ಅವಳನ್ನು ಮರುಕದಿಂದ ನೋಡಿದಳು.

“ಅದನ್ನ ಕಟ್ಕೊಂಡು ಇಂಗೆ ಕುಣೀತಿದ್ದೀಯಲ್ಲೇ.”

ಮಾಲಿನಿ ಜಗಲಿಯ ಮೇಲೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಜವರಪ್ಪನೂ ನಕ್ಕರು. ಕೊನೆಗೆ ಗಿಡ್ಡಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮುಂದಿನ ವಾರ ಹರಳಿನ ಡಬ್ಬಿ ರೈಲಿನಲ್ಲಿ ಬೆಂಗಳೂರಿಗೆ ಹೊರಟಿತು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಹಿಡಿದು ಕೂತವರು ಕಮಲಾಕ್ಷಮ್ಮ. ಮಾಲಿನಿ ಎಷ್ಟು ಕೇಳಿದರೂ ಕೊಡಲಿಲ್ಲ. ಅಲ್ಲಿಯ ದೊಡ್ಡ ಲ್ಯಾಬಿನಲ್ಲಿ ಎಕ್ಸ್-ರೇ ಹಾಯಿಸಿದಾಗ ಪರದೆಯ ತುಂಬ ಚುಕ್ಕೆಗಳು ಸಾಲುಸಾಲಾಗಿ ಮೂಡಿದವು, ಮತ್ತು ಇಬ್ಬರೂ ಹೊರಗಿನ ಕಾರಿಡಾರಿಗೆ ಓಡಿದರು, ಒಳಗೆ ಜೋರಾಗಿ ನಗುವಂತಿರಲಿಲ್ಲ.