ಕಾಲು ಸುತ್ತು ವಾಪಸ್

ನಲ್ಲಿ ತೊಟ್ಟಿಕ್ಕಿದರೆ ನಾವೆಲ್ಲ ಮಾಡುವುದು ಒಂದೇ ಕೆಲಸ. ಇನ್ನಷ್ಟು ಬಿಗಿ ಮಾಡುತ್ತೇವೆ. ಆಗಲೂ ನಿಲ್ಲದಿದ್ದರೆ ಮನೆಯಲ್ಲಿ ತೋಳು ಗಟ್ಟಿ ಇರುವವರನ್ನು ಕರೆಯುತ್ತೇವೆ. ಅಲ್ಲಿಗೆ ಮುಗಿದರೆ ನಮ್ಮ ಪುಣ್ಯ.

ಈ ಕಥೆಯ ಮನೆಯಲ್ಲಿ ತೋಳು ಗಟ್ಟಿ ಇದ್ದವರು ಟೈಟ್ ಮಾವ. ಹೆಸರು ಕೇಳಿ ಹೊಸಬರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು. ಪಾಪ, ಅವರು ಕುಡಿಯುವವರೇ ಅಲ್ಲ. ಇಪ್ಪತ್ತಾರು ವರ್ಷದಿಂದ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಲಾರಿ ಚಕ್ರದ ನಟ್ಟು ಸಡಿಲಾದರೆ ಜೀವ ಹೋಗುತ್ತದೆ. ಅದಕ್ಕೇ ಸ್ಪ್ಯಾನರಿನ ಹಿಡಿಗೆ ಎರಡಡಿ ಕಬ್ಬಿಣದ ಪೈಪ್ ತೂರಿಸಿ, ಅದರ ಮೇಲೆ ಮೈಭಾರವನ್ನೆಲ್ಲ ಹಾಕಿ ಬಿಗಿಯುವುದು ಅವರಿಗೆ ರೂಢಿ. ಗ್ಯಾರೇಜಿನಲ್ಲಿ ಅದೇ ಸರಿ. ತೊಂದರೆ ಏನೆಂದರೆ, ಮನೆಗೆ ಬಂದ ಮೇಲೂ ಅವರ ಕೈ ಗ್ಯಾರೇಜಿನಲ್ಲೇ ಇರುತ್ತಿತ್ತು. ಸಕ್ಕರೆ ಡಬ್ಬಿಯ ಮುಚ್ಚಳ ಅವರು ಹಾಕಿದರೆ ಅವರೇ ಬಂದು ತೆಗೆಯಬೇಕು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಬೈಂಡರ್ ಅಕ್ಕ ಎನ್ನುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಹಳೇ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ. ಅಂಟು ಮೆತ್ತಿದ ಕೈ ತೊಳೆಯಲು ಆ ಕೋಣೆಯ ಮೂಲೆಯಲ್ಲೇ ಒಂದು ಸಿಂಕ್. ಸಿಂಕಿನ ಪಕ್ಕದ ಕಪಾಟಿನ ಕೆಳ ಹಲಗೆಯಲ್ಲಿ ಆ ವಾರ ಹನ್ನೊಂದು ನೋಟ್‌ಬುಕ್ಕುಗಳಿದ್ದವು. ತೀರಿಹೋದ ಮೇಷ್ಟ್ರೊಬ್ಬರು ವರ್ಷಕ್ಕೊಂದರಂತೆ ಶಾಯಿ ಪೆನ್ನಿನಲ್ಲಿ ಬರೆದಿಟ್ಟ ದಿನಚರಿ. ಮೇಷ್ಟ್ರ ಹೆಂಡತಿಗೆ ಈಗ ಕಣ್ಣು ಮಂಜು. ಮೊಮ್ಮಗಳು ದಿನಕ್ಕೆರಡು ಪುಟ ಓದಿ ಹೇಳುತ್ತಾಳೆ. ಹಾಳೆ ಉದುರುತ್ತಿವೆಯೆಂದು ಅವರೇ ಚೀಲದಲ್ಲಿ ಹೊತ್ತು ತಂದು, "ಜೋಪಾನ ಕಣಮ್ಮ, ಇದಕ್ಕೆ ಎರಡನೇ ಪ್ರತಿ ಇಲ್ಲ" ಎಂದು ಕೊಟ್ಟು ಹೋಗಿದ್ದರು.

ಇದಕ್ಕೂ ಎರಡು ತಿಂಗಳ ಮುಂಚೆ ಟೈಟ್ ಮಾವನ ಮನೆಗೆ ಪ್ಲಂಬರಮ್ಮ ಬಂದಿದ್ದಳು. ಎರಡು ಬೀದಿ ಆಚೆ ಅವಳ ಅಂಗಡಿ. ಮಹಡಿಯ ಟ್ಯಾಂಕ್ ನೋಡಿ ಇಳಿಯುವಾಗ ಮೆಟ್ಟಿಲ ಕೆಳಗಿನ ಮೇನ್ ವಾಲ್ವ್ ಅವಳ ಕಣ್ಣಿಗೆ ಬಿತ್ತು. ಟ್ಯಾಂಕಿನಿಂದ ಮನೆಗೆ ಇಳಿಯುವ ನೀರನ್ನೆಲ್ಲ ನಿಲ್ಲಿಸುವ ಹಿತ್ತಾಳೆ ವಾಲ್ವ್ ಅದು. ಗೋಡೆಯ ಜೊತೆಗೆ ಅದಕ್ಕೂ ಹಸಿರು ಪೇಂಟ್ ಬಳಿದಿತ್ತು.

"ಮಾವ, ಇದನ್ನ ಕೊನೇ ಸಲ ಯಾವಾಗ ತಿರುಗಿಸಿದ್ರಿ?"

"ಮನೆ ಕಟ್ಟಿದಾಗ. ಪೂರ್ತಿ ತೆರೆದು, ಟೈಟಾಗಿ ಒತ್ತಿ ಬಿಟ್ಟೆ. ಒಂಬತ್ತು ವರ್ಷ ಆಯ್ತು, ಒಂದು ತೊಟ್ಟು ಸೋರಿಲ್ಲ."

"ಸೋರೋದಿರಲಿ. ಬೇಕಾದಾಗ ಮುಚ್ಚೋಕೆ ಬರುತ್ತಾ?"

"ಚೆನ್ನಾಗಿರೋದನ್ನ ಯಾಕಮ್ಮ ಕೆಣಕೋದು?"

"ಮುಟ್ಟದೆ ಬಿಟ್ಟರೇ ಅದು ಕೆಡೋದು ಮಾವ. ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ, ನೀರಿನ ಸುಣ್ಣ ಒಳಗೆ ಗಟ್ಟಿಯಾಗಿ ಕೂರುತ್ತೆ. ನೀವು ಮೇಲೆ ಪೇಂಟ್ ಬೇರೆ ಹೊಡೆಸಿದ್ದೀರಿ. ಹಲ್ಲು ಕಚ್ಚಿ ಕೂತುಬಿಟ್ಟಿರುತ್ತೆ."

"ನಾನು ಸ್ಪ್ಯಾನರ್ ಹಿಡಿದಾಗ ನೀನಿನ್ನೂ ಅಂಬೆಗಾಲಿಡ್ತಿದ್ದೆ ತಾಯಿ, ಹೋಗು."

ಅವಳು ನಕ್ಕು ಹೋದಳು. ಹೇಳುವುದನ್ನು ಹೇಳಿಯಾಗಿತ್ತು.

ನೋಟ್‌ಬುಕ್ಕುಗಳು ಬಂದ ವಾರದ ಗುರುವಾರ ಬೆಳಗ್ಗೆ ಸಿಂಕಿನ ಕೆಳಗಿನ ಹಿತ್ತಾಳೆ ನಟ್ಟಿನಿಂದ ಒಂದೊಂದೇ ಹನಿ ಬೀಳತೊಡಗಿತು.

"ರೀ, ಆ ಹುಡುಗೀಗೆ ಒಂದು ಫೋನ್ ಮಾಡಿ" ಎಂದರು ಅಕ್ಕ.

"ಒಂದು ಹನಿಗೆ ಪ್ಲಂಬರಾ? ಕೇಳಿದವರು ನಗ್ತಾರೆ ಕಣೇ."

ಟೈಟ್ ಮಾವ ಸ್ಪ್ಯಾನರ್ ತಂದರು, ಹಿಡಿಗೆ ಎರಡಡಿ ಪೈಪ್ ತೂರಿಸಿದರು, ಭಾರ ಹಾಕಿದರು. ನಟ್ಟು ಕಿರ್ರೆಂದಿತು. ಹನಿ ನಿಂತಿತು. "ನೋಡಿದ್ಯಾ?" ಎಂದು ಹೇಳಿ ಗ್ಯಾರೇಜಿಗೆ ಹೊರಟುಹೋದರು.

ಮಧ್ಯಾಹ್ನ ಎರಡೂವರೆಗೆ ಆ ನಟ್ಟು ಉದ್ದಕ್ಕೆ ಸೀಳಿತು. ನೀರು ಅಡ್ಡಡ್ಡ ಚಿಮ್ಮಿ ನೇರ ಕಪಾಟಿನ ಕೆಳ ಹಲಗೆಗೆ ಹೊಡೆಯಿತು. ಅಕ್ಕ ಸೂಜಿ ಎಸೆದು ಎದ್ದರು. ನೀರು ನಿಲ್ಲಿಸಿದರೆ ಎಲ್ಲವೂ ನಿಂತಂತೆ ಎಂದುಕೊಂಡು ಮೊದಲು ಮೆಟ್ಟಿಲ ಕೆಳಗೆ ಓಡಿದರು. ಕೈಯಲ್ಲಿ ತಿರುಗಿಸಿದರು. ಬಟ್ಟೆ ಸುತ್ತಿ ತಿರುಗಿಸಿದರು. ಸುತ್ತಿಗೆ ತಂದು ತಟ್ಟಿದರು. ವಾಲ್ವ್ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅದರ ಹಿಡಿಯೇ ಮುರಿದು ಕೈಗೆ ಬಂತು.

ಆಗ ಪ್ಲಂಬರಮ್ಮನಿಗೆ ಫೋನ್ ಮಾಡಿ ಕೋಣೆಗೆ ಓಡಿ ಬಂದು ನೋಟ್‌ಬುಕ್ಕುಗಳನ್ನು ಎತ್ತಿಕೊಂಡರು. ಅವಳು ಬಂದವಳೇ ಮಹಡಿ ಹತ್ತಿ, ಟ್ಯಾಂಕಿನೊಳಗೆ ತೋಳಿಳಿಸಿ, ನೀರು ಇಳಿಯುವ ತೂತಿಗೆ ಬಟ್ಟೆ ಸುತ್ತಿದ ಮರದ ಬೆಣೆ ತುರುಕಿದಳು. ನೀರು ನಿಂತಿತು.

ಎಂಟು ನೋಟ್‌ಬುಕ್ಕುಗಳ ಅಂಚು ಮಾತ್ರ ಒದ್ದೆಯಾಗಿತ್ತು. ಒಣಗಿಸಬಹುದಿತ್ತು. ಎಲ್ಲಕ್ಕಿಂತ ಅಡಿಯಲ್ಲಿದ್ದ ಮೂರರಲ್ಲಿ ಹಾಳೆ ಇತ್ತು, ಅಕ್ಷರ ಇರಲಿಲ್ಲ. ಪುಟ ತಿರುವಿದಷ್ಟೂ ನೀಲಿ ನೀರು.

ಸುದ್ದಿ ತಿಳಿದು ಮಾವ ಬಂದರು. "ಈಗಿನ ನಟ್ಟುಗಳೇ ಕಳಪೆ" ಎಂದು ಶುರು ಮಾಡಿದರು.

ಪ್ಲಂಬರಮ್ಮ ಸೀಳಿದ ನಟ್ಟನ್ನು ಅವರ ಅಂಗೈಗೆ ಹಾಕಿದಳು. "ನಟ್ಟು ಚೆನ್ನಾಗೇ ಇತ್ತು ಮಾವ. ಆದ್ರೆ ಇದು ಲಾರಿ ನಟ್ಟಲ್ಲ. ಹಿತ್ತಾಳೆ ಮೆತ್ತಗಿನ ಲೋಹ. ಭಾರ ಹಾಕಿದ್ರೆ ಕಚ್ಚಿಕೊಳ್ಳುತ್ತೆ, ಇಲ್ಲಾ ಸೀಳುತ್ತೆ. ನಿಮ್ಮ ಕೈಯಲ್ಲಿ ಎರಡೂ ಆಗಿದೆ, ವಾಲ್ವ್ ಕಚ್ಚಿಕೊಳ್ತು, ನಟ್ಟು ಸೀಳ್ತು."

ಮಾವ ಹೆಂಡತಿಯ ಕಡೆ ನೋಡಿದರು. ಅಕ್ಕ ಹಾಳೆಗಳ ನಡುವೆ ಒಣ ಕಾಗದ ಇಡುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ವಾಲ್ವ್ ಇದೆಯಲ್ಲ ಅಂತ ನಂಬಿ ಅದರ ಹತ್ರ ಹತ್ತು ನಿಮಿಷ ನಿಂತೆ. ಅದು ತಿರುಗಲ್ಲ ಅಂತ ಗೊತ್ತಿದ್ದಿದ್ರೆ ಮೊದಲು ಇವನ್ನ ಎತ್ತಿಡ್ತಿದ್ದೆ. ಹನ್ನೊಂದೂ ಉಳೀತಿದ್ವು."

ಮಾವ ಪಕ್ಕದಲ್ಲಿ ಕೂತು ಒಣ ಕಾಗದ ಎತ್ತಿಕೊಡತೊಡಗಿದರು.

ಸಂಜೆ ಗಂಡ ಹೆಂಡತಿ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಹೇಳಬೇಕಾದ್ದನ್ನು ಮಾವನೇ ಹೇಳಿದರು. "ತಪ್ಪು ನಂದು ಅಮ್ಮ."

ಮೇಷ್ಟ್ರ ಹೆಂಡತಿ ಕೇಳಿದ್ದು ಇಷ್ಟೇ: "ಯಾವ ವರ್ಷದವು ಹೋದವು?"

"ಮೊದಲ ಮೂರು."

"ನಾವು ಮದುವೆಯಾದ ಹೊಸದು." ಎಂದರು ಆಕೆ. "ಕೊನೇ ವರ್ಷದಿಂದ ಹಿಂದಕ್ಕೆ ಓದಿಸ್ಕೊಂಡು ಬರ್ತಿದ್ದೆ. ಅವನ್ನ ಕೊನೆಗೆ ಅಂತ ಇಟ್ಟುಕೊಂಡಿದ್ದೆ. ನನ್ನ ಬಗ್ಗೆ ಏನು ಬರೆದಿದ್ರೋ."

ಆಕೆ ಬೈಯಲಿಲ್ಲ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಮಾವ ದಾರಿಯಲ್ಲಿ ಹೆಂಡತಿಗೆ ಹೇಳಿದರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವರು ಪ್ಲಂಬರಮ್ಮನ ಬಾಗಿಲಲ್ಲಿ ನಿಂತಿದ್ದರು. "ಹೊಸ ವಾಲ್ವ್ ಹಾಕೋಣ. ಹಾಕ್ತಾ ಹಾಕ್ತಾ ನನಗೂ ಹೇಳಿಕೊಡಮ್ಮ."

ಮನೆಗೆ ಬಂದು ಮೆಟ್ಟಿಲ ಕೆಳಗೆ ಕೂತು ಅವಳು ಹೇಳುತ್ತಾ ಹೋದಳು. ಮಾವ ಕೈಕಟ್ಟಿ ಕೇಳಿದರು. ಈ ದೃಶ್ಯ ನೋಡಲು ಅಕ್ಕಪಕ್ಕದವರೂ ಬಂದು ನಿಂತಿದ್ದರು.

"ಮೊದಲು ಪೈಪಿನ ತುದಿಯ ಥ್ರೆಡ್ಡನ್ನ ಬ್ರಷ್ಷಲ್ಲಿ ಉಜ್ಜಿ. ಮರಳು, ಹಳೇ ಟೇಪು ಏನೂ ಉಳೀಬಾರದು. ಆಮೇಲೆ ಬಿಳಿ ಟೆಫ್ಲಾನ್ ಟೇಪನ್ನ ನಾಲ್ಕೈದು ಸುತ್ತು ಹಾಕಿ, ನಟ್ಟು ಬಿಗಿಯೋ ದಿಕ್ಕಿಗೇ. ಕೈಯಲ್ಲಿ ಎಷ್ಟು ತಿರುಗುತ್ತೋ ಅಷ್ಟು ತಿರುಗಿಸಿ. ಮೇಲೆ ಸ್ಪ್ಯಾನರಲ್ಲಿ ಒಂದು ಸುತ್ತು. ಹೆಚ್ಚಂದ್ರೆ ಒಂದೂವರೆ."

"ಅಷ್ಟಕ್ಕೇ ಬಿಟ್ರೆ ಸೋರಲ್ವಾ?"

"ಸೋರದ ಹಾಗೆ ನೋಡ್ಕೊಳ್ಳೋದು ಟೇಪು, ವಾಶರು. ನಿಮ್ಮ ತೋಳಲ್ಲ ಮಾವ."

ನೆರೆದವರು ಗೊಳ್ಳೆಂದು ನಕ್ಕರು. ಮಾವನೂ ನಕ್ಕರು, ಕಷ್ಟಪಟ್ಟು.

"ವಾಲ್ವಿನ ಹಿಡಿ ಕೆಳಗೆ ತಿರುಗೋ ಕಡ್ಡಿಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಹಚ್ಚಿ. ಅಡುಗೆ ಎಣ್ಣೆ ಬೇಡ, ಒಣಗಿ ಅಂಟಾಗುತ್ತೆ. ಪೇಂಟ್ ಹೊಡೆಸುವಾಗ ವಾಲ್ವಿಗೆ ಕಾಗದ ಸುತ್ತಿ. ತಿಂಗಳಿಗೊಂದು ಸಲ ಪೂರ್ತಿ ಮುಚ್ಚಿ, ಮತ್ತೆ ತೆರೀರಿ."

ಮಾವ ಹೊಸ ವಾಲ್ವನ್ನು ಮುಚ್ಚಿದರು, ತೆರೆದರು. ತೆರೆದು ಮುಗಿದ ಮೇಲೂ ಅವರ ಕೈ ಇನ್ನೊಂದು ಒತ್ತು ಕೊಡಲು ಹೊರಟಿತು.

"ವಾಪಸ್, ವಾಪಸ್! ಕಾಲು ಸುತ್ತು ವಾಪಸ್ ಬನ್ನಿ. ಕೊನೇ ಮಟ್ಟಕ್ಕೆ ಒತ್ತಿ ಬಿಟ್ರೆ ಅಲ್ಲೇ ಕಚ್ಚಿಕೊಳ್ಳೋದು."

ಮಾವ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಕೈ ತೆಗೆದರು. ಈಗ ಪ್ರತಿ ತಿಂಗಳ ಮೊದಲ ತಾರೀಖು ತಮ್ಮ ಮನೆಯದ್ದು ಮುಗಿಸಿ ಮೇಷ್ಟ್ರ ಮನೆಗೂ ಹೋಗಿ ಅಲ್ಲಿನ ವಾಲ್ವ್ ತಿರುಗಿಸಿ ಬರುತ್ತಾರೆ. ಆಕೆ ಬೇಡವೆನ್ನುವುದಿಲ್ಲ. ಅಳಿಸಿಹೋದ ಆ ಮೂರು ವರ್ಷಗಳ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೂ ಒದ್ದೆಯಾಗಬಾರದ ವಸ್ತು ಒಂದಾದರೂ ಇದ್ದೇ ಇರುತ್ತದೆ. ಮೇನ್ ವಾಲ್ವ್ ಎಲ್ಲಿದೆಯೆಂದು ಮನೆಯ ಪ್ರತಿಯೊಬ್ಬರಿಗೂ ತೋರಿಸಿ. ಎದ್ದು ಹೋಗಿ ಒಮ್ಮೆ ತಿರುಗಿಸಿ ನೋಡಿ. ತಿರುಗಿದರೆ ಸಂತೋಷ, ತೆರೆದ ಮೇಲೆ ಕಾಲು ಸುತ್ತು ವಾಪಸ್ ಬನ್ನಿ. ತಿರುಗದಿದ್ದರೆ ತೋಳು ತೋರಿಸಬೇಡಿ, ಸುತ್ತಿಗೆ ಎತ್ತಬೇಡಿ, ಪ್ಲಂಬರನ್ನು ಕರೆಯಿರಿ. ಇದೆಲ್ಲ ನೀರಿನ ಪೈಪಿಗೆ ಮಾತ್ರ, ಗ್ಯಾಸ್ ಪೈಪಿನ ತಂಟೆಗೆ ನೀವಾಗಿ ಹೋಗಬೇಡಿ. ನಾಳೆ ನೋಡೋಣ ಎನ್ನಬೇಡಿ. ಇವತ್ತೇ ನೋಡಿ, ನೆಲ ಒಣಗಿರುವಾಗಲೇ.